ಹಿತ್ತಲಿನ ನತ್ತಿಂಗ

ಟುಕ್... ಟುಕ್... ಟುಕ್...

ಬಹಳ ಸಣ್ಣ ಸದ್ದು. ಪಕ್ಕದಲ್ಲಿ ಯಾರಾದರೂ ಗೊರಕೆ ಹೊಡೆಯುತ್ತಿದ್ದರೆ ಕೇಳಿಸುತ್ತಲೇ ಇರಲಿಲ್ಲ. ಆದರೆ ಸೆಕೆ ತಾಳಲಾರದೆ ಮರಿಸಿದ್ದಯ್ಯ ಮೇಷ್ಟ್ರು ಆ ರಾತ್ರಿಯೂ ಜಗುಲಿಯ ಮೇಲೆ ಒಬ್ಬರೇ ಮಲಗಿದ್ದರು. ಆ ಮನೆಯಲ್ಲಿ ಗೊರಕೆ ಹೊಡೆಯುವವರು ಅವರೊಬ್ಬರೇ. ಈಗ ಅವರಿಗೇ ಎಚ್ಚರವಾಗಿತ್ತು.

ಎದ್ದು ಕೂತು ಕಿವಿಗೊಟ್ಟರು. ಸದ್ದು ಮನೆಯ ಹಿಂದಿನಿಂದ, ಪಕ್ಕದ ಮನೆ ಪಟ್ಟಲಮ್ಮನ ಹಿತ್ತಲ ಕಡೆಯಿಂದ ಬರುತ್ತಿತ್ತು. ಅಲ್ಲೊಂದು ಹೊಂಗೆಮರ, ಮರದ ಆಚೆಗೆ ಅವಳ ಹಸುವಿನ ಕೊಟ್ಟಿಗೆ. ಒಂದೇ ಸಮನೆ ಟುಕ್, ಟುಕ್. ನಡುವೆ ಉಸಿರು ತೆಗೆದುಕೊಂಡ ಹಾಗೆ ಒಂದು ಬಿಡುವು. ಮತ್ತೆ ಟುಕ್, ಟುಕ್. ಮೇಷ್ಟ್ರ ಮೈ ಜುಮ್ಮೆಂದಿತು. ಓದುವ ಕಾಲದಲ್ಲಿ ಒಮ್ಮೆ ಬಿಳಿಗಿರಿ ಬೆಟ್ಟದಲ್ಲಿ ತಂಗಿದ್ದಾಗ ಇಂಥ ಸದ್ದನ್ನು ಕೇಳಿದ್ದರು. ಅದು ಕಾಡಿನ ನತ್ತಿಂಗ. ಹಗಲೆಲ್ಲ ಒಣಗಿದ ಎಲೆಯಂತೆ ನೆಲಕ್ಕೆ ಅಂಟಿಕೊಂಡಿದ್ದು, ಕತ್ತಲಾದ ಮೇಲೆ ಬಾಯಿ ತೆರೆಯುವ ಹಕ್ಕಿ. ಅದು ಬೆಟ್ಟ ಇಳಿದು ಮಂಡ್ಯದ ನಾಲೆ, ಕಬ್ಬಿನ ಗದ್ದೆಗಳ ನಡುವೆ ಬಂದದ್ದನ್ನು ಈವರೆಗೆ ಯಾರೂ ಕೇಳಿರಲಿಲ್ಲ.

ಎದ್ದು ಹಿತ್ತಲಿಗೆ ಹೋಗಿ ನೋಡಬಹುದಿತ್ತು. ಆದರೆ ಹಕ್ಕಿ ಹೆದರಿ ಹಾರಿಹೋದರೆ? ಹಕ್ಕಿ ಇರಲಿ, ಹುಲ್ಲಿನಲ್ಲಿ ಹಾವಿದ್ದರೆ? ಚಾಪೆಯ ಮೇಲೆ ಕೂತು ಕೇಳುವುದೇ ಶಾಸ್ತ್ರೀಯವೆಂದು ಅವರು ತೀರ್ಮಾನಿಸಿದರು.

ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಅಕ್ಕಿ ರೇಷನ್ನಾಗಿತ್ತು. ಹಕ್ಕಿಗಳನ್ನು ನೋಡುವುದಕ್ಕೆ ಮಾತ್ರ ಇನ್ನೂ ಯಾವ ಕಾರ್ಡೂ ಬೇಕಿರಲಿಲ್ಲ. ಅದಕ್ಕೇ ಏನೋ, ಮಂಡ್ಯದಲ್ಲಿ ಕೆಲವರು ಸೇರಿ ಪಕ್ಷಿ ವೀಕ್ಷಕರ ಸಂಘ ಕಟ್ಟಿಕೊಂಡಿದ್ದರು. ಸಂಘದ ಆಸ್ತಿ ಎಂದರೆ ಒಂದೇ ಒಂದು ದುರ್ಬೀನು. ಊರು ಬಿಟ್ಟು ಹೋಗುವಾಗ ಒಬ್ಬ ಬಿಳಿಯ ಇಂಜಿನಿಯರು ಕೊಟ್ಟುಹೋದದ್ದು. ಅದು ಸರದಿಯ ಮೇಲೆ ಒಬ್ಬೊಬ್ಬ ಸದಸ್ಯರ ಮನೆಯಲ್ಲಿ ಕೆಲವು ತಿಂಗಳು ಇರುತ್ತಿತ್ತು. ಸರದಿಯವರು ಅದನ್ನು ಕೊರಳಿಗೆ ಹಾಕಿಕೊಂಡು ಬಜಾರಿನಲ್ಲಿ ನಡೆದರೆ ಬಾಳೆಹಣ್ಣಿನವನೂ ಎದ್ದು ನಿಲ್ಲುತ್ತಿದ್ದ.

ಸಂಘಕ್ಕಿದ್ದ ದೊಡ್ಡ ತೊಂದರೆ ಹಕ್ಕಿಗಳದಲ್ಲ, ವರದಿಗಳದು. ಅಧ್ಯಕ್ಷರಾದ ನಿವೃತ್ತ ರೇಂಜರು ಕರಿಸಿದ್ದಯ್ಯನವರು ಮಳವಳ್ಳಿ ಹೊಲಗಳಲ್ಲಿ ತಾವೊಬ್ಬರೇ ಇದ್ದಾಗ ಎರೆಭೂತ ಎಂಬ ಅಪರೂಪದ ದೊಡ್ಡ ಹಕ್ಕಿಯನ್ನು ನೋಡಿದ್ದರು. ಮೊದಲು ಹೇಳಿದಾಗ ಅದು ಮೇಕೆಮರಿಯಷ್ಟು ಎತ್ತರವಿತ್ತು, ಈಚೆಗೆ ಕರುವಿನಷ್ಟಾಗಿತ್ತು. ಕಾರ್ಯದರ್ಶಿ ಚಿಕ್ಕಣ್ಣ ಅಂಚೆ ಕಚೇರಿಯ ಗುಮಾಸ್ತ. ಯಾರು ಯಾವ ಹಕ್ಕಿಯ ಹೆಸರು ಹೇಳಲಿ, ಅದನ್ನು ಆತ ಹೋದ ವಾರವೇ ಸರ್ಕಾರದ ಬೇಸಾಯದ ತೋಟ ವಿ.ಸಿ. ಫಾರಂ ಬೇಲಿಯ ಮೇಲೆ ನೋಡಿರುತ್ತಿದ್ದ. ಇವರಿಬ್ಬರನ್ನು ಪ್ರಶ್ನಿಸುವ ಧೈರ್ಯ ಯಾರಿಗೂ ಇರಲಿಲ್ಲ. ಆದ್ದರಿಂದ ನಿಯಮ ಮಾಡಿದ್ದು ಉಳಿದವರಿಗಾಗಿ: ಅಪರೂಪದ ಹಕ್ಕಿಯ ವರದಿ ಕೊಟ್ಟವನು ಸಂಘವನ್ನು ಸ್ಥಳಕ್ಕೆ ಕರೆದು ತೋರಿಸಬೇಕು, ತಿಂಡಿಯನ್ನೂ ಕೊಡಬೇಕು. ವರದಿ ಮೂರು ಸಲ ಸುಳ್ಳಾದರೆ ಅವನು ಇನ್ನು ಜನ್ಮದಲ್ಲಿ ದುರ್ಬೀನು ಮುಟ್ಟುವಂತಿಲ್ಲ.

ಮರಿಸಿದ್ದಯ್ಯ ಮೇಷ್ಟ್ರಿಗೆ ಆಗಲೇ ಎರಡು ಸಲ ಆಗಿತ್ತು. ಹನಕೆರೆಯ ಬಯಲಿನಲ್ಲಿ ಒಂಟಿಕಾಲಲ್ಲಿ ನಿಂತ ಸಾರಸವೆಂದು ಎಲ್ಲರನ್ನೂ ರೈಲು ಹತ್ತಿಸಿ ಕರೆದೊಯ್ದರು, ಅದು ಬೆದರುಬೊಂಬೆ. ಮದ್ದೂರಿನ ಹೊಳೆ ದಂಡೆಯಲ್ಲಿ ಮೀನುಗೂಬೆಯೆಂದು ತೋರಿಸಿದ್ದು, ಸಂಘದವರು ಹತ್ತಿರ ಹೋದಾಗ ಮಿಯಾವ್ ಎಂದು ಮರದಿಂದ ಇಳಿದು ಹೋಯಿತು.

ಬೆಳಗಾದರೆ ಭಾನುವಾರ. ಸಂಜೆ ದುರ್ಬೀನು ಮೇಷ್ಟ್ರ ಕೈಗೆ ಬರಬೇಕಾದ ದಿನ. ಬಹುಕಾಲ ಕಾದ ಸರದಿ. ಸಂಜೆಯವರೆಗೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

*

ಬಾಯಿ ಮುಚ್ಚಿಕೊಂಡೇ ಅವರು ಬೆಳಗ್ಗೆ ಸ್ಟೇಷನ್ ಎದುರಿನ ಹೋಟೆಲಿಗೆ ಹೋದರು. ಸಂಘದವರು ಭಾನುವಾರ ಅಲ್ಲಿ ಸೇರುವುದು ವಾಡಿಕೆ. ರೇಂಜರು, ಚಿಕ್ಕಣ್ಣ, ಅವರ ಜೊತೆಗೆ ಮುದ್ದಯ್ಯ. ಮುದ್ದಯ್ಯ ಲೆವಿ ಇನ್ಸ್‌ಪೆಕ್ಟರು. ರೈತರು ಸರ್ಕಾರಕ್ಕೆ ಒಪ್ಪಿಸದೆ ಬಚ್ಚಿಟ್ಟ ಭತ್ತವನ್ನು ಹುಡುಕಿ ಹಿಡಿಯುವುದು ಆತನ ಕೆಲಸ. ಮಾತು ಕಡಿಮೆ. ಹುಲ್ಲಿನ ಗಾಡಿಯನ್ನು ನೋಡಿದ ನೋಟದಲ್ಲೇ ಹಕ್ಕಿಯನ್ನೂ ನೋಡುತ್ತಿದ್ದ.

ಮುದ್ದಯ್ಯನನ್ನು ಕಂಡರೆ ಎಲ್ಲರಿಗೂ ಸ್ವಲ್ಪ ಅಳುಕು. ಮೇಷ್ಟ್ರಿಗೆ ಮಾತ್ರ ಇರಲಿಲ್ಲ. ಅವರು ನಗುತ್ತಾ ಹೇಳಿದರು: "ಇನ್ಸ್‌ಪೆಕ್ಟ್ರೇ, ನಿಮ್ಮ ಇಲಾಖೇನ ಹೊಗಳಲೇಬೇಕು. ಮೊದಲು ರೇಷನ್ ಅಕ್ಕೀಲಿ ಕಲ್ಲು, ವಾಸನೆ. ಈಗೀಗ ನಮ್ಮನೇಲಿ ಅನ್ನ ಮಲ್ಲಿಗೆ ಹೂವು ಕಣ್ರೀ!"

ಮುದ್ದಯ್ಯ ಕಾಫಿ ಲೋಟವನ್ನು ಕೆಳಗಿಟ್ಟು ಮೇಷ್ಟ್ರ ಮುಖವನ್ನೇ ನೋಡಿದ. "ಹೌದಾ?" ಎಂದ. ಮತ್ತೆ ಲೋಟ ಎತ್ತಿಕೊಂಡ.

ಅಷ್ಟರಲ್ಲಿ ರೇಂಜರು ಎರೆಭೂತದ ಕತೆ ತೆಗೆದರು. ಈ ಸಲ ಅದು ಹಾರುವಾಗ ಬಿಸಿಲೇ ಮರೆಯಾಯಿತು. ಚಿಕ್ಕಣ್ಣ ದುರ್ಬೀನಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಮೇಷ್ಟ್ರ ಕಡೆ ತಿರುಗಿದ.

"ಸಂಜೆ ಇದು ನಿಮ್ಮನೆಗೆ ಬತ್ತದೆ ಮೇಷ್ಟ್ರೇ. ಜೋಪಾನ. ಇದ್ರಲ್ಲಿ ನೋಡಿದ್ರೆ ಬೆಕ್ಕು ಹುಲಿ ಆಗೋಗ್ತದೆ."

ರೇಂಜರು ಹೊಟ್ಟೆ ಕುಲುಕಿಸಿ ನಕ್ಕರು. ಹೋಟೆಲಿನವನೂ ನಕ್ಕ. ಮೇಷ್ಟ್ರಿಗೆ ತಡೆಯಲಾಗಲಿಲ್ಲ.

"ನಗ್ರಿ, ನಗ್ರಿ. ಕಾಡಿನ ನತ್ತಿಂಗ ರಾತ್ರಿ ಎಲ್ಲಿ ಕೂಗ್ತು ಗೊತ್ತಾ? ನಮ್ಮ ಹಿತ್ತಲ ಹಿಂದೆ!"

ಹೇಳಿದ ಮಾತು ಹೋಟೆಲಿನ ಹೊಗೆಯ ಜೊತೆ ಮೇಲೆ ಹೋಗುವುದನ್ನು ಮೇಷ್ಟ್ರು ನೋಡಿದರು. ಹಿಡಿದು ಬಾಯೊಳಗೆ ಹಾಕಿಕೊಳ್ಳುವಂತಿರಲಿಲ್ಲ.

"ವರದಿ?" ಎಂದ ಚಿಕ್ಕಣ್ಣ, ನಾಲಿಗೆಯಿಂದ ತುಟಿ ಸವರುತ್ತಾ.

"ವರದಿ," ಎಂದರು ಮೇಷ್ಟ್ರು.

"ಹಾಗಾದ್ರೆ ದೀಪ ಹಚ್ಚೋ ಹೊತ್ತಿಗೆ ನಿಮ್ಮನೇಲಿ ಸಭೆ," ಎಂದು ರೇಂಜರು ಅಪ್ಪಣೆ ಕೊಡಿಸಿದರು. "ಕೂಗಿದ್ರೆ ದುರ್ಬೀನು ನಿಮ್ದು. ಕೂಗದಿದ್ರೆ ಮೂರನೇದು. ತಿಂಡಿಗೆ ಕಾರದ ಅವಲಕ್ಕಿ ಆದೀತು."

ಮುದ್ದಯ್ಯ ಮೆಲ್ಲಗೆ ಕೇಳಿದ: "ಹಿತ್ತಲ ಹಿಂದೆ ಅಂದ್ರೆ ಯಾವ ಕಡೆ ಮೇಷ್ಟ್ರೇ?"

"ಪಟ್ಟಲಮ್ಮನ ಕೊಟ್ಟಿಗೆ ಹತ್ರ," ಎಂದು ಮೇಷ್ಟ್ರು ಹೆಮ್ಮೆಯಿಂದ ಜಾಗವನ್ನೂ ಹೇಳಿದರು.

*

ಮಧ್ಯಾಹ್ನ ಊಟ ಮುಗಿಸಿ ಅವರು ಪಟ್ಟಲಮ್ಮನ ಹಿತ್ತಲಿಗೆ ಹೋದರು. ನಾಲ್ಕು ಜನ ಕೂರಲು ಜಾಗ ಕೇಳಬೇಕಿತ್ತು. ಪಟ್ಟಲಮ್ಮ ವಯಸ್ಸಾದ ವಿಧವೆ. ಹಾಲು ಮಾರಿ ಬದುಕುವವಳು. ಓಣಿಯಲ್ಲಿ ಯಾರ ಮನೆಯಲ್ಲಿ ಒಗ್ಗರಣೆ ಬಿದ್ದರೂ ಏನು ಸಾರೆಂದು ಹೇಳಬಲ್ಲವಳು.

"ಅಮ್ಮಯ್ಯ, ಸಂಜೆ ನಿನ್ನ ಕೊಟ್ಟಿಗೆ ಹತ್ರ ಸ್ವಲ್ಪ ಕೂತ್ಕೋತೀವಿ. ರೇಂಜರು, ಚಿಕ್ಕಣ್ಣ, ಲೆವಿ ಇನ್ಸ್‌ಪೆಕ್ಟ್ರು..."

ಪಟ್ಟಲಮ್ಮನ ಕೈಯಲ್ಲಿದ್ದ ಸಗಣಿ ಬುಟ್ಟಿ ಕೆಳಗೆ ಬಿತ್ತು.

"ಲೆವಿಯವ್ನಾ? ಅಯ್ಯೋ ನನ್ನಪ್ಪ! ಯಾಕಂತೆ? ಯಾರೇಳಿದ್ರು?"

"ನಾನೇ ಹೇಳಿದ್ದು. ರಾತ್ರಿ ಇಲ್ಲಿ ಟುಕ್ ಟುಕ್ ಅಂತ ಸದ್ದು..."

"ನೀವಾ? ನಿಮ್ಮನೆಗೆ ನೀವೇ ಬೆಂಕಿ ಇಕ್ಕಂಡ್ರಲ್ಲ ಮೇಷ್ಟ್ರೇ! ರೇವಮ್ಮಾ, ಏ ರೇವಮ್ಮಾ, ಬಾ ಇಲ್ಲಿ! ನಿನ್ ಗಂಡ ಮಾಡಿರೋ ಕೆಲ್ಸ ನೋಡ್ಬಾ!"

ಮೇಷ್ಟ್ರ ಹೆಂಡತಿ ರೇವಮ್ಮ ಸೆರಗಿಗೆ ಕೈ ಒರೆಸುತ್ತಾ ಬಂದಳು. ವಿಷಯ ಕೇಳಿ ಅವಳ ಮುಖ ಸುಣ್ಣವಾಯಿತು. ಕೊಟ್ಟಿಗೆಯ ತಡಿಕೆ ಬಾಗಿಲನ್ನು ಸರಿಸಿದಳು. ಒಳಗೆ ಹಸುವಿನ ಹಿಂದೆ, ಹುಲ್ಲಿನ ಮರೆಯಲ್ಲಿ ಕಲ್ಲಿನ ಒರಳು. ಒರಳಿಗೆ ಒರಗಿಸಿದ ಒನಕೆ. ಸುತ್ತ ಭತ್ತದ ಹೊಟ್ಟು. ಗೋಡೆ ಬದಿಗೆ ಹೊಟ್ಟೆ ಉಬ್ಬಿಸಿಕೊಂಡು ಕೂತ ಗೋಣಿಚೀಲಗಳು.

ಹುಟ್ಟಿದಾಗಿನಿಂದ ಒನಕೆಯ ಸದ್ದು ಕೇಳಿಕೊಂಡು ಬೆಳೆದವರು ಮೇಷ್ಟ್ರು. ಆದರೆ ಹಕ್ಕಿಯ ಹುಚ್ಚು ಹಿಡಿದ ಮೇಲೆ ಅವರ ಕಿವಿಗೆ ಬೇರೆ ಏನೂ ಕೇಳಿಸುತ್ತಿರಲಿಲ್ಲ.

"ನತ್ತಿಂಗ..." ಎಂದರು, ಒನಕೆಯನ್ನು ನೋಡುತ್ತಾ.

"ರೇಷನ್ ಅಕ್ಕಿ ಉಂಡ್ರೆ ನಿಮ್ಗೆ ಹೊಟ್ಟೆನೋವು ಬತ್ತಿತ್ತಲ್ಲ," ಎಂದಳು ರೇವಮ್ಮ. "ಅದ್ಕೇ ತೌರೂರು ಹೊಳಲಿಂದ ನಮ್ಮಣ್ಣ ಭತ್ತಾನ ಹುಲ್ಲಿನ ಗಾಡೀಲಿ ಇಟ್ಟು ಕಳಿಸ್ದ. ಮಿಲ್ಲಿಗೆ ಹಾಕ್ಸಿದ್ರೆ ಸಿಕ್ಕಾಕಂತೀವಿ. ನೀವು ಮಲಗಿದ್ಮೇಲೆ ನಾವಿಬ್ರೂ ಮೆತ್ತಗೆ ಕುಟ್ಟೋದು."

"ನನಗೊಂದು ಮಾತು ಹೇಳ್ಬಾರದಾಗಿತ್ತಾ?"

"ಹೇಳಿದ್ರೆ ನೀವು ಸಂಘದಲ್ಲಿ ವರದಿ ಮಾಡ್ಬುಡ್ತಿದ್ರಿ."

ಅವಳು ಹೇಳದಿದ್ದರೂ ಮೇಷ್ಟ್ರು ವರದಿ ಮಾಡಿಯೇಬಿಟ್ಟಿದ್ದರು. ಅವರ ಕಣ್ಣ ಮುಂದೆ ಮುದ್ದಯ್ಯನ ಮುಖ, ಅದರ ಹಿಂದೆ ಹೆಡ್‌ಮಾಸ್ಟರ ಮುಖ, ಅದರ ಹಿಂದೆ ಕೋರ್ಟಿನ ಕಟಕಟೆ ಸಾಲಾಗಿ ನಿಂತವು. ಸರ್ಕಾರಿ ಮೇಷ್ಟ್ರ ಮನೆಯಲ್ಲಿ ಕಳ್ಳ ಭತ್ತ! ಕೆಲಸ ಹೋಗುವುದಂತೂ ಖಂಡಿತ. ಚೀಲಗಳನ್ನು ಬೇರೆಡೆಗೆ ಸಾಗಿಸೋಣವೆಂದರೆ ಹಾಡಹಗಲು. ಓಣಿಯ ತುಂಬ ಕಣ್ಣು.

ಅವರು ಚಪ್ಪಲಿ ಮೆಟ್ಟಿಕೊಂಡು ಚಿಕ್ಕಣ್ಣನ ಮನೆಗೆ ಓಡಿದರು.

"ಚಿಕ್ಕಣ್ಣ, ವರದಿ ವಾಪಸ್ ತಗೋತೀನಿ. ಮೂರನೇದು ಅಂತ್ಲೇ ಬರ್ಕೋ. ದುರ್ಬೀನು ಬೇಡ. ಯಾರೂ ಬರೋದು ಬೇಡ."

ಚಿಕ್ಕಣ್ಣ ಕಣ್ಣು ಕಿರಿದು ಮಾಡಿದ. "ಓಹೋ. ಹಕ್ಕಿ ನಿಜವಾಗ್ಲೂ ಐತೆ ಅನ್ನಿ! ನೀವೊಬ್ರೇ ನೋಡ್ಬೇಕು ಅಂತ ನಮ್ಮನ್ನ ತಪ್ಪಿಸ್ತಿದ್ದೀರಾ? ಆಗಲ್ಲ ಮೇಷ್ಟ್ರೇ. ಒಂದ್ಸಲ ಕೊಟ್ಟ ವರದಿ ವಾಪಸ್ ಇಲ್ಲ. ಬತ್ತೀವಿ, ಕೇಳ್ತೀವಿ. ಅವಲಕ್ಕಿಗೆ ಕಡ್ಲೆಬೀಜ ಜಾಸ್ತಿ ಹಾಕ್ಸಿ."

*

ಮೇಷ್ಟ್ರಿಗೆ ಉಳಿದದ್ದು ಒಂದೇ ದಾರಿ. ಹಕ್ಕಿ ಕೂಗಬಾರದು. ಸಂಘದವರು ಹೊಂಗೆಮರದ ಕೆಳಗೆ ಕೂರಲಿ, ಸೊಳ್ಳೆ ಹೊಡೆದುಕೊಳ್ಳಲಿ, ತಮ್ಮನ್ನು ಬೈದು ಎದ್ದು ಹೋಗಲಿ. ದುರ್ಬೀನು ಹೋದರೆ ಹೋಗಲಿ, ಕೆಲಸ ಉಳಿಯುತ್ತದೆ.

"ಒನಕೆ ಮುಟ್ಟಿದ್ರೆ ನನ್ನಾಣೆ," ಎಂದು ರೇವಮ್ಮನಿಗೆ ಹೇಳಿದರು. ಆಮೇಲೆ ಬೇಸರ ತಡೆಯಲಾರದೆ ಹಿತ್ತಲ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಸೇರಿಸಿದರು: "ಹಕ್ಕಿ ಕೂಗ್ಲಿಲ್ಲ ಅಂದ್ರೆ ಊರಲ್ಲಿ ನನ್ನ ಮಾನ ಹೋಯ್ತು. ಇರ್ಲಿ. ಹೋಗ್ಲಿ."

ಈ ಎರಡನೆಯ ಮಾತು ಬೇಲಿಯಾಚೆ ಹಾಲು ಕರೆಯುತ್ತಿದ್ದ ಪಟ್ಟಲಮ್ಮನಿಗೆ ಕೇಳಿಸಿತು. ಮೊದಲನೆಯದು ಕೇಳಿಸಲಿಲ್ಲ.

ಕತ್ತಲು ಕವಿಯುವ ಹೊತ್ತಿಗೆ ಸಂಘ ನೆರೆಯಿತು. ಅವಲಕ್ಕಿಯ ತಟ್ಟೆಗಳು ಬೇಗ ಖಾಲಿಯಾದವು. ಹೊಂಗೆಮರದ ಕೆಳಗೆ ಚಾಪೆಯ ಮೇಲೆ ನಾಲ್ವರೂ ಉಸಿರು ಬಿಗಿಹಿಡಿದು ಕೂತರು. ಮುದ್ದಯ್ಯನ ಕೈಯಲ್ಲಿ ಟಾರ್ಚು. ಸೆಲ್ಲು ಸಿಗದ ಆ ದಿನಗಳಲ್ಲಿ ಟಾರ್ಚು ಇದ್ದವರೆಂದರೆ ಲೆವಿಯವರೇ. ಎಲ್ಲೋ ನಾಯಿ ಬೊಗಳಿತು. ಹಸು ಮೆಲುಕು ಹಾಕಿತು. ಹಕ್ಕಿಯ ಸುಳಿವಿಲ್ಲ.

"ಬೆಕ್ಕಿಗೆ ಇನ್ನೂ ಹೊತ್ತಾಗಿಲ್ವೇನೋ," ಎಂದ ಚಿಕ್ಕಣ್ಣ.

ಅಷ್ಟು ಸಮಾಧಾನದಿಂದ ಅವಮಾನವನ್ನು ಮೇಷ್ಟ್ರು ಹಿಂದೆಂದೂ ಅನುಭವಿಸಿರಲಿಲ್ಲ. ಇನ್ನು ಸ್ವಲ್ಪ ಹೊತ್ತು. ರೇಂಜರು ಆಗಲೇ ಆಕಳಿಸುತ್ತಿದ್ದರು. ಎದ್ದೇಬಿಡುತ್ತಾರೆ, ಎದ್ದರು...

ಟುಕ್. ಟುಕ್. ಟುಕ್.

ರೇಂಜರು ಎದ್ದ ಅರ್ಧದಲ್ಲೇ ನಿಂತರು. ಮೇಷ್ಟ್ರ ಎದೆಯೂ ನಿಂತಿತು.

"ನತ್ತಿಂಗ!" ರೇಂಜರು ಪಿಸುಗುಟ್ಟಿದರು. "ಗಂಡು! ನನ್ನ ಸರ್ವೀಸಿನಲ್ಲಿ ಎಷ್ಟು ಕೇಳಿಲ್ಲ!"

"ಇದನ್ನೇ ನಾನು ಹೋದ ವಾರ ಫಾರಂ ಹತ್ರ ಕೇಳಿದ್ದು," ಎಂದ ಚಿಕ್ಕಣ್ಣ. "ಗುಟ್ಟಾಗಿಟ್ಟಿದ್ದೆ, ಅಷ್ಟೇ."

ಹೊಗಳಿಕೆ ಕೊಟ್ಟಿಗೆಯ ಒಳಗೂ ಕೇಳಿಸಿತೆಂದು ಕಾಣುತ್ತದೆ. ಹಕ್ಕಿಗೆ ಹುರುಪು ಬಂತು. ಟುಕ್ ಟುಕ್ ಟುಕ್ ಟುಕ್! ಜೊತೆಗೆ ಜಲ್ ಜಲ್ ಎಂದು ಬಳೆಯ ಸದ್ದು. ಪಟ್ಟಲಮ್ಮನ ಕೈಯಲ್ಲಿ ಬಳೆಯಿಲ್ಲ. ಅವಳನ್ನು ತಡೆಯಲೆಂದು ಹಿಂಬದಿಯಿಂದ ಓಡಿಬಂದ ರೇವಮ್ಮ ಒನಕೆಗೆ ಕೈ ಹಾಕಿ ಜಗ್ಗುತ್ತಿದ್ದಳು. ಮೇಷ್ಟ್ರಿಗೆ ಆ ಬಳೆಗಳ ಗುರುತಿತ್ತು. ಮದ್ದೂರಿನ ಅಂಗಡಿಯಲ್ಲಿ ಅವರೇ ಕೊಡಿಸಿದ್ದು.

"ಕೇಳಿದ್ರಾ?" ರೇಂಜರ ಕಣ್ಣು ಅರಳಿತು. "ಆ ಜಲ್ ಜಲ್! ಅದು ಹೆಣ್ಣು. ಗಂಡಿಗೆ ಜವಾಬು ಕೊಡ್ತಾ ಇದೆ. ಇದು ಭಾರಿ ಅಪರೂಪ!"

ಆಗ ಮುದ್ದಯ್ಯ ಎದ್ದ. ಟಾರ್ಚು ಹೊತ್ತಿಸಿದ. ನೇರವಾಗಿ ಕೊಟ್ಟಿಗೆಯ ಕಡೆಗೆ ಹೆಜ್ಜೆ ಹಾಕಿದ.

ಮೇಷ್ಟ್ರು ಹೇಗೆ ಎದ್ದರೋ, ಹೇಗೆ ಓಡಿದರೋ ಅವರಿಗೇ ತಿಳಿಯದು. ತಡಿಕೆಯ ಮುಂದೆ ಎರಡೂ ಕೈ ಚಾಚಿ ನಿಂತಾಗ ಅವರು ಹನಕೆರೆಯ ಬೆದರುಬೊಂಬೆಯ ಹಾಗೇ ಕಾಣುತ್ತಿದ್ದರು.

"ಬರ್ಬೇಡಿ! ಹಕ್ಕಿ ಇಲ್ಲ! ಸುಳ್ಳು! ಎಲ್ಲಾ ಸುಳ್ಳು! ದುರ್ಬೀನಿನ ಆಸೆಗೆ ನಾನೇ ಒಳಗೆ ಜನ ಕೂರಿಸಿ ಕಲ್ಲು ಕುಟ್ಟಿಸ್ತಾ ಇದ್ದೀನಿ!"

ಸದ್ದು ತಟ್ಟನೆ ನಿಂತಿತು. ಗಂಡು ಹೆಣ್ಣು ಎರಡೂ ಸುಮ್ಮನಾದವು. ಹಸು ಒಂದು ಸಲ ಅಂಬಾ ಎಂದಿತು.

ರೇಂಜರು ಗಂಟಲು ಸರಿಮಾಡಿಕೊಂಡರು. "ಕಲ್ಲು ಅಂತ ನನಗೆ ಆಗ್ಲೇ ಗೊತ್ತಾಗಿತ್ತು. ನೀವು ಎಲ್ಲೀವರೆಗೆ ಹೋಗ್ತೀರಿ ನೋಡೋಣ ಅಂತ ಸುಮ್ನಿದ್ದೆ."

"ನಾನೂ ಅಷ್ಟೇ," ಎಂದ ಚಿಕ್ಕಣ್ಣ. "ಥೂ ಮೇಷ್ಟ್ರೇ! ಬೆದರುಬೊಂಬೆ, ಬೆಕ್ಕು ಆದ್ರೆ ಕಣ್ಣಿನ ತಪ್ಪು ಅನ್ಬೋದು. ಇದು ಮೋಸ. ಮಕ್ಕಳಿಗೆ ಪಾಠ ಹೇಳೋರಾ ನೀವು?"

ದುರ್ಬೀನು ಚಿಕ್ಕಣ್ಣನ ಕೊರಳಿನಿಂದ ಮುದ್ದಯ್ಯನ ಕೊರಳಿಗೆ ಹೋಯಿತು. ರೇಂಜರೂ ಚಿಕ್ಕಣ್ಣನೂ ಹಿಂತಿರುಗಿ ನೋಡದೆ ನಡೆದರು. ನಾಳೆ ಬಜಾರಿನಲ್ಲಿ ಹೇಳಲು ಇಬ್ಬರಿಗೂ ಬೇಕಾದಷ್ಟಿತ್ತು. ಮುದ್ದಯ್ಯ ಮಾತ್ರ ಹಿಂದೆ ಉಳಿದ. ಟಾರ್ಚು ಆರಿಸಿ ಮೇಷ್ಟ್ರ ಪಕ್ಕಕ್ಕೆ ಬಂದ. ಮೇಷ್ಟ್ರು ಕೈಗಳನ್ನು ಇನ್ನೂ ಇಳಿಸಿರಲಿಲ್ಲ.

"ಇಳಿಸಿ ಮೇಷ್ಟ್ರೇ, ಕೈ ನೋವು ಬತ್ತದೆ," ಎಂದ. "ಬೆಳಿಗ್ಗೆ ನೀವು ರೇಷನ್ ಅಕ್ಕಿ ಮಲ್ಲಿಗೆ ಹೂವು ಅಂದಾಗ್ಲೇ ನನಗೆ ಗೊತ್ತಾಯ್ತು. ಅದನ್ನ ಬೇರೆ ಎಲ್ಲೂ ಹೇಳ್ಬೇಡಿ. ಒಂದು ಮಾತು ಹೇಳಿಹೋಗೋಣ ಅಂತ್ಲೇ ನಾನು ಕೊಟ್ಟಿಗೆಗೆ ಹೊರಟಿದ್ದು. ನೀವು ಬುಡ್ಲಿಲ್ಲ."

"ಏ... ಏನು ಮಾತು?"

"ಒರಳಿನ ಕೆಳಗೆ ಗೋಣಿ ಮಡಿಸಿ ಹಾಕೋಕೆ ಹೇಳಿ. ಸದ್ದೇ ಬರಲ್ಲ." ಮುದ್ದಯ್ಯ ಎರಡು ಹೆಜ್ಜೆ ನಡೆದು ತಿರುಗಿ ನಿಂತ. "ನಮ್ಮನೇಲಿ ಹಂಗೇ ಮಾಡೋದು."

*

ರಾತ್ರಿ ಊಟಕ್ಕೆ ರೇವಮ್ಮ ಅನ್ನ ಬಡಿಸಿದಳು. ಬಿಳುಪಾಗಿ, ಉದುರುದುರಾಗಿ, ಹದವಾಗಿ ಬೆಂದಿತ್ತು. ಮೇಷ್ಟ್ರು ಉಂಡರು. ಮತ್ತೊಮ್ಮೆ ಹಾಕಿಸಿಕೊಂಡು ಉಂಡರು. ಬಾಗಿಲಲ್ಲಿ ನಿಂತ ಪಟ್ಟಲಮ್ಮ ಗಲ್ಲದ ಮೇಲೆ ಕೈಯಿಟ್ಟುಕೊಂಡು ಹೇಳಿದಳು:

"ನಿಮ್ ಮಾನ ಉಳೀಲಿ, ಲೆವಿಯವ್ನೂ ಹಕ್ಕೀನೇ ಅಂತ ನಂಬ್ಕಂಡು ಹೋಗ್ಲಿ ಅಂತ ಕುಟ್ಟಿದ್ನಪ್ಪ. ಉಳೀತಿತ್ತು. ನೀವೇ ಅಡ್ಡ ಬಂದು ಕೆಡಿಸ್ಕಂಡ್ರಿ."

ಅದೂ ನಿಜವೇ. ಕೆಲಸವೇನೋ ಉಳಿದಿತ್ತು; ಆದರೆ ಮುದ್ದಯ್ಯನ ಮಾತು ಕೇಳಿದ ಮೇಲೆ, ಅದು ಹೋಗುವ ಭಯವೇ ಇರಲಿಲ್ಲವೆಂದು ತಿಳಿದಿತ್ತು. ಹೋದದ್ದು ದುರ್ಬೀನು, ಹೆಸರು, ಕಡ್ಲೆಬೀಜ. ಆದರೂ ಹೊಟ್ಟೆ ತುಂಬಿತ್ತು, ಹೆಂಡತಿ ಮನೆಯಲ್ಲಿದ್ದಳು. ಮೇಷ್ಟ್ರು ಜಗುಲಿಯ ಮೇಲೆ ಚಾಪೆ ಹಾಸಿ, ಇಂದು ಒಳ್ಳೆಯ ನಿದ್ದೆ ಬರುತ್ತದೆಂದುಕೊಂಡು ಕಾಲು ಚಾಚಿದರು.

ಟುಕ್... ಟುಕ್... ಟುಕ್...

ಕಣ್ಣು ತೆರೆದರು. ಹೊತ್ತು ಮೀರಿ ಹುಟ್ಟಿದ ಚಂದ್ರ ಬೀದಿಯ ಮೇಲೆ ಬಂದಿದ್ದ. ಸದ್ದು ಹಿತ್ತಲಿನಿಂದಲ್ಲ, ಎದುರಿನಿಂದ ಬರುತ್ತಿತ್ತು. ಅಂಗಳದ ಮೋಟು ಗೋಡೆಯ ಮೇಲೆ ಒಡೆದ ಹೆಂಚಿನ ತುಂಡಿನಂತೆ ಏನೋ ಕೂತಿತ್ತು. ಹೆಂಚಿನ ಗಂಟಲು ಉಬ್ಬಿತು. ಟುಕ್, ಎಂದಿತು. ಇನ್ನೊಮ್ಮೆ ಉಬ್ಬಿತು. ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ದೊಡ್ಡ ಕಪ್ಪು ಕಣ್ಣು ತೆರೆದು, ಅದು ಮೇಷ್ಟ್ರನ್ನೇ ನೋಡುತ್ತಿತ್ತು. ದುರ್ಬೀನಿನ ಅಗತ್ಯವೇ ಇರಲಿಲ್ಲ.

ಒಳಗಿನಿಂದ ರೇವಮ್ಮನ ಗಾಬರಿಯ ದನಿ ಬಂತು. "ಏನ್ರೀ ಅದು ಸದ್ದು? ನಾನಿಲ್ಲೇ ಇದ್ದೀನಿ. ಪಟ್ಟಲಮ್ಮನೂ ಮಲಗವ್ಳೆ."

ಮೇಷ್ಟ್ರು ಹಕ್ಕಿಯನ್ನು ನೋಡಿದರು. ಎರಡು ಬೀದಿ ಆಚೆಗೆ ರೇಂಜರ ಮನೆ. ಅದರ ಪಕ್ಕದಲ್ಲೇ ಚಿಕ್ಕಣ್ಣನದು. ಓಡಿಹೋಗಿ ಬಾಗಿಲು ಬಡಿದರೆ ಇಬ್ಬರೂ ಏಳುತ್ತಾರೆ. ಎದ್ದು ಏನು ಹೇಳುತ್ತಾರೆಂಬುದೂ ಅವರಿಗೆ ಗೊತ್ತಿತ್ತು.

"ಏನಿಲ್ಲ, ಮಲಕೋ," ಎಂದರು ಮೆಲ್ಲಗೆ, ಹಕ್ಕಿ ಬೆದರದ ಹಾಗೆ. "ಯಾರೋ ಭತ್ತ ಕುಟ್ತಾ ಇದ್ದಾರೆ."

ಮಗ್ಗುಲಾಗಿ, ತಲೆಯ ಕೆಳಗೆ ಕೈಯಿಟ್ಟುಕೊಂಡು, ಹಕ್ಕಿ ತಾನಾಗಿ ಹಾರಿಹೋಗುವವರೆಗೂ ನೋಡುತ್ತಾ ಮಲಗಿದರು. ಇದನ್ನು ಯಾರಿಗೂ ಹೇಳಬಾರದೆಂದು ಆಗಲೇ ತೀರ್ಮಾನಿಸಿದ್ದರು. ರೇವಮ್ಮನಿಗೂ.